ಒಂದು ತೋಪು, ಎರಡು ಕೆಟ್ಟ ಸುಗ್ಗಿ: ಶ್ರೀನಿವಾಸಪುರದ ಮಾವು ಮತ್ತು ಬಿಸಿಯಾಗುತ್ತಿರುವ ಭೂಮಿ

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಸೋದರಮಾವನ ಮಾವಿನ ತೋಪಿದೆ. ನಾಲ್ಕೂವರೆ ಎಕರೆ, ಕೆಂಪು ಮಣ್ಣು, ಸ್ವಲ್ಪ ಇಳಿಜಾರು. ಮುಕ್ಕಾಲು ಪಾಲು ತೋತಾಪುರಿ, ಉಳಿದದ್ದು ಬಾದಾಮಿ. ಬೇಲಿ ಸಾಲಿನಲ್ಲಿ ಒಂದಷ್ಟು ನೀಲಂ, ಸೇಂದೂರ. ಮರಗಳಿಗೆ ಮೂವತ್ತು ವರ್ಷದ ಹತ್ತಿರ ವಯಸ್ಸು. ಬೋರ್‌ವೆಲ್ ಬತ್ತಿ ಬಹಳ ಕಾಲವಾಯಿತು, ಈಗ ಮಳೆಯೇ ಆಧಾರ. ಈ ತೋಪು 2022ರಲ್ಲಿ ಒಮ್ಮೆ, 2024ರಲ್ಲಿ ಮತ್ತೊಮ್ಮೆ ಕೈಕೊಟ್ಟಿತು. ಎರಡು ಸಲವೂ ಊರಿನವರು ಹೇಳಿದ ಕಾರಣ ಒಂದೇ: "ಎಲ್ಲಾ ಗ್ಲೋಬಲ್ ವಾರ್ಮಿಂಗ್." ಮಂಡಿಯಲ್ಲೂ ಅದೇ ಮಾತು, ಟೀವಿಯಲ್ಲೂ ಅದೇ ಮಾತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಜಾಗತಿಕ ತಾಪಮಾನ ಏರಿಕೆಯ ಪಾಠ ಬಂದಾಗಲೆಲ್ಲ ಪುಸ್ತಕದಲ್ಲಿ ಕರಗುವ ಹಿಮ, ಮುಳುಗುವ ದ್ವೀಪ. ಕೋಲಾರದ ಮಕ್ಕಳಿಗೆ ಹಿಮವೂ ದೂರ, ಸಮುದ್ರವೂ ದೂರ. ಅವರ ಮನೆಯ ಹಿಂದೆಯೇ ಮಾವಿನ ಮರವಿದೆ. ಅದಕ್ಕೇ ಈ ಒಂದು ತೋಪನ್ನು ಹಿಡಿದು, ಯಾವ ನಷ್ಟ ಯಾವುದರಿಂದ ಆಯಿತು ಎಂದು ಬಿಡಿಸಿ ನೋಡಲು ಹೊರಟೆ. ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟಿದರೆ ನಾವೇ ಸರಿಮಾಡಬಹುದಾದದ್ದು ಕಣ್ಣಿಗೆ ಬೀಳುವುದಿಲ್ಲ. ಹವಾಮಾನದ ಪಾಲೇ ಇಲ್ಲ ಅಂದುಕೊಂಡರೆ ಮುಂದಿನ ವರ್ಷಗಳಿಗೆ ತಯಾರಾಗುವುದಿಲ್ಲ. ಎರಡರಿಂದಲೂ ಪೆಟ್ಟು ಬೀಳುವುದು ರೈತನಿಗೇ.

ಮಾವು ಹೂ ಬಿಡಬೇಕಾದರೆ

ನಮ್ಮ ಕಡೆ ಜೂನ್, ಜುಲೈಗೆ ಕಾಯಿ ಕಿತ್ತು ಮುಗಿಯುತ್ತದೆ. ಮುಂಗಾರಿನಲ್ಲಿ ಮರ ಹೊಸ ಚಿಗುರು ಬಿಟ್ಟು ಎಲೆ ಕಟ್ಟಿಕೊಳ್ಳುತ್ತದೆ. ಸ್ವಾತಿ ಮಳೆ ಮುಗಿದ ಮೇಲೆ ಆಕಾಶ ತೆರವಾಗಬೇಕು, ಮಣ್ಣು ಒಣಗಬೇಕು, ಮರ ಸುಮ್ನೆ ನಿಲ್ಲಬೇಕು. ಹಾಗೆ ನಿಂತ ಮರದ ಮೇಲೆ ಮಾಗಿ ಚಳಿ ಬೀಳಬೇಕು. ರಾತ್ರಿಯ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ ಇಳಿದು ಕೆಲವು ವಾರ ಅಲ್ಲೇ ಇದ್ದರೆ, ಬಲಿತ ಎಲೆಗಳು ಆ ಚಳಿಯನ್ನು ಗುರುತಿಸಿ ಮೊಗ್ಗಿಗೆ ಹೂವಾಗುವ ಸೂಚನೆ ಕಳಿಸುತ್ತವೆ. ರಾತ್ರಿ ಬೆಚ್ಚಗೇ ಉಳಿದು, ಮಣ್ಣಿನಲ್ಲಿ ತೇವವೂ ಇದ್ದರೆ ಅದೇ ಮೊಗ್ಗು ಎಲೆಯಾಗಿಬಿಡುತ್ತದೆ.

ಮಾವ ಇದನ್ನು ಒಂದೇ ಮಾತಿನಲ್ಲಿ ಹೇಳಿದರು. "ಚಳಿ ಬೀಳ್ಲಿಲ್ಲ ಅಂದ್ರೆ ಮರಕ್ಕೆ ಕಾಲ ಗೊತ್ತಾಗಲ್ಲಮ್ಮ."

ಇನ್ನೊಂದು ವಿಷಯ. ಒಂದು ಹೂಗೊಂಚಲಿನಲ್ಲಿ ಸಾವಿರಾರು ಹೂ ಇರಬಹುದು. ಕೊನೆಗೆ ಕಾಯಾಗುವುದು ನೂರಕ್ಕೆ ಒಂದಕ್ಕಿಂತ ಕಡಿಮೆ. ಒಳ್ಳೆಯ ವರ್ಷದಲ್ಲೂ ಇಷ್ಟೇ. ಆದ್ದರಿಂದ ಹೂ ಬಿಡುವ ಆ ಎರಡು ತಿಂಗಳಲ್ಲಿ ಒಂದು ವಾರ ಏರುಪೇರಾದರೂ ಮೇ ತಿಂಗಳ ಲೆಕ್ಕವೇ ಬದಲಾಗುತ್ತದೆ.

ಮೊದಲ ಪೆಟ್ಟು: 2021ರ ನವೆಂಬರ್

ಆ ನವೆಂಬರ್ ಕೋಲಾರ, ಚಿಕ್ಕಬಳ್ಳಾಪುರದವರಿಗೆ ಚೆನ್ನಾಗಿ ನೆನಪಿದೆ. ಬಂಗಾಳ ಕೊಲ್ಲಿಯಲ್ಲಿ ಒಂದರ ಹಿಂದೆ ಒಂದು ವಾಯುಭಾರ ಕುಸಿತ. ಬಿಡದೆ ಮಳೆ. ಎಷ್ಟೋ ವರ್ಷ ನೀರು ಕಾಣದಿದ್ದ ಕೆರೆಗಳು ಕೋಡಿ ಹರಿದವು, ಜನ ಬಾಗಿನ ಬಿಟ್ಟರು. ಅದೇ ಹೊತ್ತಿಗೆ ಕೊಯ್ಲಿಗೆ ಬಂದಿದ್ದ ರಾಗಿ ನೆಲಕ್ಕೆ ಮಲಗಿ ತೆನೆಯಲ್ಲೇ ಮೊಳಕೆ ಒಡೆಯಿತು. ಟೊಮೇಟೊ ಹೊಲದಲ್ಲೇ ಕೊಳೆಯಿತು. ಬೋರ್‌ವೆಲ್ ಸಾಲ ತೀರಿಸುತ್ತಲೇ ಜೀವನ ಕಳೆಯುವ ಜಿಲ್ಲೆಯಲ್ಲಿ ಕೆರೆ ತುಂಬಿದ ಸಂತೋಷ, ಬೆಳೆ ಹೋದ ಸಂಕಟ ಎರಡೂ ಒಂದೇ ವಾರದಲ್ಲಿ ಬಂದವು.

ಮಾವಿನ ತೋಪಿನ ಕಡೆ ಆಗ ಯಾರೂ ಅಷ್ಟಾಗಿ ನೋಡಲಿಲ್ಲ. ಮರಗಳು ಹಸಿರಾಗಿ, ನೋಡಲು ಚೆಂದವಾಗಿದ್ದವು. ತೊಂದರೆ ಇದ್ದದ್ದೇ ಅಲ್ಲಿ. ಮಾಗಿ ಹೊತ್ತಿಗೆ ಸುಮ್ಮನಿರಬೇಕಾದ ಮರ ತಾಮ್ರದ ಬಣ್ಣದ ಹೊಸ ಚಿಗುರು ಬಿಟ್ಟಿತು. ಜನವರಿಯಲ್ಲಿ ಸಂಕ್ರಾಂತಿಗೆ ಹೋದಾಗ ಮಾವ ಒಂದು ಕೊಂಬೆ ಬಗ್ಗಿಸಿ ತೋರಿಸಿದರು. ಗೊಂಚಲಿನ ಬುಡದಲ್ಲಿ ಒಂದಷ್ಟು ಹೂ, ಅದೇ ಗೊಂಚಲಿನ ತುದಿಯಲ್ಲಿ ಎಳೆ ಎಲೆ. ಅರ್ಧ ಹೂ, ಅರ್ಧ ಚಿಗುರು. ಬೆರಳಿಂದ ತಟ್ಟಿದರೆ ಜಿಗಿಹುಳುಗಳು ಎಗರಿ ಮುಖಕ್ಕೆ ಬಡಿಯುತ್ತಿದ್ದವು. ಎಲೆಯ ಮೇಲೆ ಅವು ಬಿಟ್ಟ ಅಂಟು, ಆ ಅಂಟಿನ ಮೇಲೆ ಕಪ್ಪು ಬೂಷ್ಟು. ಇದ್ದಷ್ಟು ಹೂವಿಗೆ ಚಿಬ್ಬು ರೋಗ ಬೇರೆ.

ನಮ್ಮಲ್ಲಿ ಹೂ ನೋಡಿಯೇ ತೋಪನ್ನು ಗುತ್ತಿಗೆಗೆ ಕೊಡುವ ಪದ್ಧತಿ ಇದೆ. ವ್ಯಾಪಾರಿ ಬಂದು ಮರ ನೋಡಿ, ಒಂದು ಮೊತ್ತ ಮಾತಾಡಿ, ಮುಂಗಡ ಕೊಡುತ್ತಾನೆ. ಆ ವರ್ಷ ವರ್ಷಾನುಗಟ್ಟಲೆ ಬರುತ್ತಿದ್ದ ವ್ಯಾಪಾರಿ ಬಂದ, ತೋಪಿನ ಉದ್ದಗಲ ನಡೆದ, ಕಾಫಿ ಕುಡಿದ, "ಮುಂದಿನ ವರ್ಷ ನೋಡೋಣ ಗೌಡ್ರೇ" ಎಂದು ಹೋದ. ಮುಂಗಡ ಬರದಿದ್ದರೆ ಔಷಧಿಗೆ, ಗೊಬ್ಬರಕ್ಕೆ ಸಾಲ ಮಾಡಬೇಕು. 2022ರ ಸುಗ್ಗಿಯಲ್ಲಿ ಮಾವನಿಗೆ ಸಿಕ್ಕಿದ್ದು ಸಾಧಾರಣ ವರ್ಷದ ಕಾಲು ಭಾಗ.

ಎರಡನೇ ಪೆಟ್ಟು: 2023–24

ಈ ಸಲ ಕತೆ ತಿರುಗಿತು. 2023ರ ಜೂನ್ ಹೊತ್ತಿಗೆ ಎಲ್ ನಿನೋ, ಅಂದರೆ ಪೆಸಿಫಿಕ್ ಸಾಗರದ ಮೇಲ್ಮೈ ಬಿಸಿಯಾಗುವ ವಿದ್ಯಮಾನ, ಶುರುವಾಗಿತ್ತು. ಆ ವರ್ಷದ ಆಗಸ್ಟ್, ದೇಶದ ಮಟ್ಟಿಗೆ 1901ರಿಂದ ಈಚೆಗಿನ ಅತ್ಯಂತ ಒಣ ಆಗಸ್ಟ್. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಮುಂಗಾರಿನ ಚಿಗುರೇ ಸರಿಯಾಗಿ ಬರಲಿಲ್ಲ. ಬಂದದ್ದು ಬಲಿಯಲಿಲ್ಲ. ಹೂ ತಡವಾಗಿ, ಕಂತು ಕಂತಾಗಿ ಬಂತು. ಒಂದೇ ಮರದಲ್ಲಿ ಒಂದು ಕಡೆ ಹೂ, ಒಂದು ಕಡೆ ಹೀಚು.

ಮಾರ್ಚ್, ಏಪ್ರಿಲ್‌ನ ಬಿಸಿಲು ಉಳಿದದ್ದನ್ನು ತಿಂದಿತು. ಆ ಏಪ್ರಿಲ್ 28ರಂದು ಬೆಂಗಳೂರಿನಲ್ಲೇ 38.5 ಡಿಗ್ರಿ. ಇಡೀ ಏಪ್ರಿಲ್ ಅಲ್ಲಿ ಮಳೆ ಇಲ್ಲ. ನಮ್ಮ ಕಡೆ ಯುಗಾದಿ ಆದ ಮೇಲೆ ಒಂದೆರಡು ಹದ ಮಳೆ ಬಿದ್ದರೆ ಕಾಯಿ ದಪ್ಪವಾಗುತ್ತದೆ. ಅದೂ ಬರಲಿಲ್ಲ. ತೋಪಿನಲ್ಲಿ ನಡೆದರೆ ಕಾಲಡಿ ಗೋಲಿ ಗಾತ್ರದ ಹೀಚು, ತೊಟ್ಟು ಹಳದಿಯಾಗಿ ಉದುರಿದ್ದವು. ಒಂದನ್ನು ಉಗುರಲ್ಲಿ ಸೀಳಿ ನೋಡಿದೆ. ಒಳಗೆ ಓಟೆ ಇನ್ನೂ ಬಿಳಿ, ಮೆತ್ತಗೆ. ಹುಳ ಇರಲಿಲ್ಲ, ರೋಗ ಇರಲಿಲ್ಲ. ಮರ ತಾನು ಉಳಿಯುವುದಕ್ಕಾಗಿ ಕಾಯಿಯನ್ನು ಬಿಟ್ಟುಕೊಟ್ಟಿತ್ತು. ಮೇ ತಿಂಗಳಲ್ಲಿ ಮಳೆ ಬಂದಾಗ ಗಾಳಿಯ ಜೊತೆ ಬಂತು. ಬಲಿತ ಕಾಯಿಯೂ ಒಂದಷ್ಟು ನೆಲಕ್ಕೆ ಬಿತ್ತು. ಬಿದ್ದ ಕಾಯಿಗೆ ಮಂಡಿಯಲ್ಲಿ ರೇಟು ಎಲ್ಲಿ ಸಿಗುತ್ತದೆ?

ಬಾದಾಮಿಯಲ್ಲಿ ಇನ್ನೊಂದು ತೊಂದರೆ ಕಾಣಿಸಿತು. ಹೊರಗೆ ಹಣ್ಣು ಚೆನ್ನಾಗಿದೆ, ಕೊಯ್ದರೆ ಒಳಗೆ ಬೆಳ್ಳಗೆ ಬೆಂಡಿನ ಹಾಗಿದೆ. ಸ್ಪಾಂಜಿ ಟಿಶ್ಯೂ ಅಂತಾರೆ. ಕಾಯಿ ಬಲಿಯುವಾಗ ಕಾದ ನೆಲದಿಂದ ಮೇಲೇಳುವ ಬಿಸಿಗೂ ಇದಕ್ಕೂ ಸಂಬಂಧವಿದೆ ಎಂದು ತೋಟಗಾರಿಕೆ ಸಂಶೋಧಕರು ಮೊದಲಿಂದ ಹೇಳುತ್ತಿದ್ದಾರೆ.

ನಷ್ಟ ಮಾವನ ಮನೆಗೆ ಮುಗಿಯಲಿಲ್ಲ. ಕಾಯಿ ಕೀಳುವವರು, ಮಂಡಿಯಲ್ಲಿ ಆರಿಸಿ ಹುಲ್ಲು ಹಾಕಿ ಬಾಕ್ಸು ತುಂಬುವ ಹೆಂಗಸರು, ಹಮಾಲರು, ಟೆಂಪೊ ಓಡಿಸುವವರು, ಇವರೆಲ್ಲ ವರ್ಷದ ದುಡಿಮೆಯ ದೊಡ್ಡ ಪಾಲನ್ನು ಆ ಎರಡು ಮೂರು ತಿಂಗಳಲ್ಲೇ ಸಂಪಾದಿಸುವವರು. ಮಾವನಿಗೆ ಮುಂದಿನ ವರ್ಷ ಅಂತ ಒಂದಿದೆ. ದಿನಗೂಲಿಯವರಿಗೆ ತಪ್ಪಿದ ದಿನ ತಪ್ಪಿದ್ದೇ. ಬೆಳೆ ಪರಿಹಾರದ ಪಟ್ಟಿಯಲ್ಲಿ ಅವರ ಹೆಸರು ಬರುವುದೇ ಇಲ್ಲ. ಇದು ನನಗೆ ತುಂಬಾ ಬೇಸರದ ವಿಷಯ.

ಯಾವ ನಷ್ಟ ಯಾರ ಲೆಕ್ಕಕ್ಕೆ?

ಮೊದಲು ಕೇಳಬೇಕಾದದ್ದು, ಇದು ಮಾವಿನ ಸಹಜ ಸ್ವಭಾವವೇ ಅಂತ. ಬಾದಾಮಿ ಒಂದು ವರ್ಷ ಬಿಟ್ಟು ಒಂದು ವರ್ಷ ಕಾಯುವ ಜಾತಿ. ಹಾಗಾಗಿ ಬಾದಾಮಿ ಕಡಿಮೆಯಾದರೆ ಹವಾಮಾನವನ್ನು ದೂರುವಂತಿಲ್ಲ. ಆದರೆ ತೋತಾಪುರಿ ಹೆಚ್ಚುಕಮ್ಮಿ ಪ್ರತಿ ವರ್ಷ ಕಾಯುತ್ತದೆ. ಎರಡು ಕೆಟ್ಟ ಸುಗ್ಗಿಯಲ್ಲೂ ತೋತಾಪುರಿ ನೆಲ ಕಚ್ಚಿತ್ತು. ಸರದಿಯ ಕಾರಣ ಇಲ್ಲಿಗೆ ಬಿದ್ದುಹೋಯಿತು.

ಎರಡನೆಯದು ನೀರು. ಪಕ್ಕದ ತೋಪಿನವರಿಗೆ ಇನ್ನೂ ನೀರು ಬರುವ ಬೋರ್ ಇದೆ, ಡ್ರಿಪ್ ಹಾಕಿದ್ದಾರೆ. ಅದೇ ಮಣ್ಣು, ಅದೇ ವಯಸ್ಸಿನ ತೋತಾಪುರಿ. 2022ರಲ್ಲಿ ಅವರ ತೋಪೂ ನಮ್ಮಷ್ಟೇ ಕೆಟ್ಟಿತು. ಆ ವರ್ಷ ನೀರಿನ ಕೊರತೆ ಯಾರಿಗೂ ಇರಲಿಲ್ಲ, ಹೊತ್ತಲ್ಲದ ಹೊತ್ತಿಗೆ ನೀರು ಜಾಸ್ತಿ ಆಗಿತ್ತು. 2024ರಲ್ಲಿ ಮಾತ್ರ ಅವರಿಗೆ ಅರ್ಧಕ್ಕಿಂತ ಹೆಚ್ಚು ಫಸಲು ಸಿಕ್ಕಿತು, ನಮ್ಮದು ಉದುರಿಹೋಯಿತು. ಈ ಪ್ರಕರಣದಲ್ಲಿ ನನಗೆ ಹೆಚ್ಚು ಬೆಳಕು ಕೊಟ್ಟದ್ದು ಈ ಹೋಲಿಕೆಯೇ. 2022ರ ನಷ್ಟ ಬಹುಪಾಲು ಆಕಾಶದಿಂದ ಬಂದದ್ದು. 2024ರ ನಷ್ಟದಲ್ಲಿ ಆಕಾಶದ ಪಾಲೂ ಇದೆ, ನೆಲದಡಿಯ ನೀರು ಖಾಲಿ ಮಾಡಿಕೊಂಡ ನಮ್ಮ ಪಾಲೂ ಇದೆ.

ಆ ನಮ್ಮ ಪಾಲು ಸಣ್ಣದಲ್ಲ. ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿ ಇಲ್ಲ. ವರ್ಷಕ್ಕೆ 700ರಿಂದ 750 ಮಿಲಿಮೀಟರ್ ಮಳೆ. ಹಿರಿಯರು ಅದಕ್ಕೆಂದೇ ಸರಪಳಿ ಕೆರೆ ಕಟ್ಟಿದ್ದರು. ರಾಜಕಾಲುವೆ ಮುಚ್ಚಿದೆವು, ಕೆರೆಯಲ್ಲಿ ಹೂಳು ಬಿಟ್ಟೆವು, ಹೊಲಗಳಿಗೆ ನೀಲಗಿರಿ ನೆಟ್ಟೆವು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸುವ ಹೊತ್ತಿಗೆ ಕೊಳವೆಬಾವಿಗಳು ಸಾವಿರ ಅಡಿ ದಾಟಿದ್ದವು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಅಂತರ್ಜಲಕ್ಕೆ ಅದರಿಂದ ಆಸರೆ ಸಿಕ್ಕಿದೆ. ಆ ನೀರನ್ನು ಮೂರನೇ ಹಂತದಲ್ಲೂ ಶುದ್ಧಮಾಡಿ ಬಿಡಿ ಎಂದು ಇಲ್ಲಿನ ಹೋರಾಟಗಾರರು ಕೇಳುತ್ತಿರುವುದು ನ್ಯಾಯವಾದದ್ದು. ಆದರೆ ನಮ್ಮ ತೋಪಿನ ಹತ್ತಿರದ ಕೆರೆಗೆ ಆ ನೀರಿಲ್ಲ.

ಆಕಾಶದ ಪಾಲು: ಸಾಕ್ಷಿ ಏನು?

ಇಲ್ಲಿ ಎಚ್ಚರವಾಗಿ ಮಾತಾಡಬೇಕು. ಒಂದು ವರ್ಷದ ಒಂದು ಮಳೆಯನ್ನು ತೋರಿಸಿ ಇದನ್ನು ತಾಪಮಾನ ಏರಿಕೆಯೇ ತಂದದ್ದು ಎಂದು ಹೇಳಲಾಗದು. ಎಲ್ ನಿನೋ ಸಹಜವಾಗಿ ಬಂದು ಹೋಗುವ ವಿದ್ಯಮಾನ. ಪೆಸಿಫಿಕ್ ಸಾಗರದ ಮೇಲ್ಮೈ ಬಿಸಿಯಾದಾಗ ನಮ್ಮ ಮುಂಗಾರು ಎಷ್ಟೋ ಸಲ ಸೊರಗುತ್ತದೆ. ನಮ್ಮ ಅಜ್ಜಂದಿರ ಕಾಲದಲ್ಲೂ ಹೀಗೇ ಆಗುತ್ತಿತ್ತು. ಬದಲಾಗಿರುವುದು ಅದು ಬಂದು ಕೂರುವ ಮಟ್ಟ. 1901ರಿಂದ 2018ರ ನಡುವೆ ಭಾರತದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಏರಿದೆ. 1986ರಿಂದ 2015ರವರೆಗಿನ ಮೂವತ್ತು ವರ್ಷದಲ್ಲೇ ವರ್ಷದ ಅತಿ ಬಿಸಿ ಹಗಲು 0.63 ಡಿಗ್ರಿಯಷ್ಟು, ಅತಿ ತಣ್ಣನೆಯ ರಾತ್ರಿ 0.4 ಡಿಗ್ರಿಯಷ್ಟು ಮೇಲೆ ಹೋಗಿವೆ. ಇದು ಕೇಂದ್ರದ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ವರದಿಯ ಲೆಕ್ಕ. ಇಡೀ ಭೂಮಿಯ ಮಟ್ಟಿಗೆ 2024 ದಾಖಲೆಯಲ್ಲೇ ಅತಿ ಬಿಸಿ ವರ್ಷ. ಕೈಗಾರಿಕೆಗಳು ಬರುವ ಮುಂಚಿನ ಕಾಲಕ್ಕಿಂತ ಸುಮಾರು 1.55 ಡಿಗ್ರಿ ಜಾಸ್ತಿ ಎಂದು ವಿಶ್ವ ಹವಾಮಾನ ಸಂಸ್ಥೆ ಹೇಳಿದೆ. ಭಾರತಕ್ಕೂ ಅದೇ ವರ್ಷ 1901ರಿಂದ ಈಚೆಗಿನ ಅತಿ ಬಿಸಿ ವರ್ಷ.

ಅರ್ಧ ಡಿಗ್ರಿಗೆ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಹಗಲಲ್ಲಿ ನಮಗೆ ಅದು ತಿಳಿಯುವುದೇ ಇಲ್ಲ, ನಿಜ. ಆದರೆ ಚಳಿಯ ಗಡಿಯ ಮೇಲೇ ನಿಂತು ಹೂವೋ ಎಲೆಯೋ ಎಂದು ತೀರ್ಮಾನಿಸುವ ಮೊಗ್ಗಿಗೆ ಅದು ದೊಡ್ಡ ವ್ಯತ್ಯಾಸ. ಸರಾಸರಿ ಅಷ್ಟು ಸರಿದರೆ, ಬೆಚ್ಚಗಿನ ರಾತ್ರಿಗಳ ಎಣಿಕೆ ಏರುತ್ತದೆ, ಚಳಿಯ ರಾತ್ರಿಗಳ ಎಣಿಕೆ ಇಳಿಯುತ್ತದೆ.

ಮಳೆಯ ವಿಷಯವೂ ಹಾಗೇ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳಬಲ್ಲದು. ಬಿಸಿಯಾದ ಸಮುದ್ರದಿಂದ ಆವಿಯೂ ಹೆಚ್ಚು ಏಳುತ್ತದೆ. ಮಳೆ ತರುವ ವ್ಯವಸ್ಥೆ ಒಂದು ಬಂದಾಗ ಸುರಿಯಲು ಮೊದಲಿಗಿಂತ ಹೆಚ್ಚು ನೀರು ತಯಾರಿರುತ್ತದೆ. ಮಳೆ ಇಲ್ಲದ ದಿನಗಳಲ್ಲಿ ಅದೇ ಬಿಸಿಗಾಳಿ ಮಣ್ಣಿನ ತೇವವನ್ನು ಬೇಗ ಹೀರುತ್ತದೆ. ಒಂದು ವರ್ಷ ಕೆರೆ ಕೋಡಿ ಹರಿದು, ಇನ್ನೊಂದು ವರ್ಷ ಹೀಚು ಉದುರುವುದು ಒಂದಕ್ಕೊಂದು ವಿರುದ್ಧ ಎಂದು ಊರಲ್ಲಿ ವಾದ ಮಾಡುತ್ತಾರೆ. "ಬಿಸಿ ಜಾಸ್ತಿ ಆದ್ರೆ ಮಳೆ ಯಾಕೆ ಜಾಸ್ತಿ?" ಅಂತ. ಎರಡರ ಬೇರೂ ಒಂದೇ.

ಇದಕ್ಕೆ ಕಾರಣ ಮನುಷ್ಯನೇ ಎಂದು ಹೇಗೆ ಗೊತ್ತು? ಮಾವನೇ ತೋಪಿನಲ್ಲಿ ಕೂತು ಕೇಳಿದರು: "ಸೂರ್ಯನೇ ಜಾಸ್ತಿ ಕಾಯ್ತಿರಬಹುದಲ್ವಾ?" ಒಳ್ಳೆಯ ಪ್ರಶ್ನೆ. ಸೂರ್ಯನ ಬಿಸಿಯೇ ಹೆಚ್ಚಾಗಿದ್ದರೆ ವಾತಾವರಣದ ಮೇಲಿನ ಪದರವೂ ಕಾಯಬೇಕಿತ್ತು. ಅಳೆದು ನೋಡಿದರೆ ಕೆಳಗಿನ ಪದರ ಬಿಸಿಯಾಗುತ್ತಿದೆ, ಮೇಲಿನ ಸ್ಟ್ರಾಟೋಸ್ಫಿಯರ್ ತಣ್ಣಗಾಗುತ್ತಿದೆ. ನೆಲದಿಂದ ಮೇಲೇಳುವ ಬಿಸಿಯನ್ನು ನಡುವೆ ಏನೋ ತಡೆಹಿಡಿದರೆ ಮಾತ್ರ ಹೀಗಾಗುತ್ತದೆ. ಮೋಡ ಕವಿದ ರಾತ್ರಿ ಚಳಿ ಕಡಿಮೆ ಎಂದು ರೈತರಿಗೆ ಗೊತ್ತೇ ಇದೆ. ನೆಲದ ಬಿಸಿಯನ್ನು ಮೋಡ ಮೇಲೆ ಹೋಗಲು ಬಿಡುವುದಿಲ್ಲ. ಇಂಗಾಲದ ಡೈಆಕ್ಸೈಡ್ ಕಣ್ಣಿಗೆ ಕಾಣುವುದಿಲ್ಲ, ಆದರೆ ಮೋಡ ಇಲ್ಲದ ರಾತ್ರಿಯಲ್ಲೂ ಆ ಕೆಲಸ ಮಾಡುತ್ತದೆ. ಈ ಅನಿಲಗಳು ಬಿಸಿಯನ್ನು ಹೀರುತ್ತವೆ ಎಂದು ಜಾನ್ ಟಿಂಡಾಲ್ 1859ರಲ್ಲೇ ಪ್ರಯೋಗ ಶುರುಮಾಡಿ ತೋರಿಸಿದ್ದರು. ಕಲ್ಲಿದ್ದಲು ಸುಟ್ಟು ಭೂಮಿ ಎಷ್ಟು ಬಿಸಿಯಾದೀತು ಎಂಬ ಲೆಕ್ಕದ ಬುನಾದಿಯನ್ನು 1896ರಲ್ಲಿ ಸ್ವಾಂಟೆ ಅರೇನಿಯಸ್ ಹಾಕಿದರು. ಇದು ನಿನ್ನೆ ಮೊನ್ನೆ ಹುಟ್ಟಿದ ವಿಚಾರವಲ್ಲ.

ಕೈಗಾರಿಕೆಗಳಿಗೆ ಮುಂಚೆ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಸುಮಾರು 280 ಇಂಗಾಲದ ಡೈಆಕ್ಸೈಡ್ ಕಣ ಇದ್ದವು. ಹವಾಯಿಯ ಮೌನಾ ಲೋವಾದಲ್ಲಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಅಳೆಯಲು ಆರಂಭಿಸಿದಾಗ ಸುಮಾರು 315. 2024ರಲ್ಲಿ 420 ದಾಟಿತ್ತು. ಆ ಹೆಚ್ಚಿದ ಇಂಗಾಲ ಎಲ್ಲಿಯದು ಎಂಬುದಕ್ಕೂ ಗುರುತಿದೆ. ಕಲ್ಲಿದ್ದಲು, ಪೆಟ್ರೋಲ್ ಕೋಟ್ಯಂತರ ವರ್ಷ ಹಳೆಯ ಜೀವಿಗಳ ಇಂಗಾಲ, ಅದರಲ್ಲಿ ವಿಕಿರಣಶೀಲ ಇಂಗಾಲ-14 ಉಳಿದಿರುವುದಿಲ್ಲ, ಇಂಗಾಲ-13ರ ಪ್ರಮಾಣವೂ ಕಡಿಮೆ. ಗಾಳಿಯಲ್ಲಿ ಅಂಥ ಹಳೆಯ ಇಂಗಾಲದ ಪಾಲು ಏರುತ್ತಿರುವುದನ್ನು ಅಳೆದಿದ್ದಾರೆ. ಜಗತ್ತು ಈಗ ವರ್ಷಕ್ಕೆ 3,700 ಕೋಟಿ ಟನ್ನಿನಷ್ಟು ಇಂಗಾಲದ ಡೈಆಕ್ಸೈಡನ್ನು ಬರೀ ಇಂಧನ ಸುಟ್ಟು, ಸಿಮೆಂಟು ಮಾಡಿ ಹೊರಬಿಡುತ್ತಿದೆ.

ಇದರಲ್ಲಿ ಮಾವನ ಪಾಲೆಷ್ಟು? ಒಂದು ಟಿವಿಎಸ್ ಮೊಪೆಡ್, ಮನೆಗೆ ಒಂದಿಷ್ಟು ಕರೆಂಟು, ಒಂದು ಸಿಲಿಂಡರ್. ಭಾರತದಲ್ಲಿ ತಲಾ ಲೆಕ್ಕ ವರ್ಷಕ್ಕೆ ಸುಮಾರು 2 ಟನ್, ಅಮೆರಿಕದಲ್ಲಿ 14 ಟನ್ನಿನ ಹತ್ತಿರ. ಮಳೆ ನಂಬಿದ ರೈತನದು ಆ ಎರಡು ಟನ್ನೂ ಇರಲಿಕ್ಕಿಲ್ಲ. ಹೂವು ತಪ್ಪಿಸಿದವರು ಯಾರೋ, ಮುಂಗಡ ತಪ್ಪಿದ್ದು ಯಾರಿಗೋ. ಈ ಅನ್ಯಾಯವನ್ನು ಪಾಠದಲ್ಲಿ ಹೇಳದೆ ಬರೀ "ಗಿಡ ನೆಡಿ" ಎಂದು ಮಕ್ಕಳಿಗೆ ಹೇಳುವುದು ನನಗೆ ಸರಿ ಕಾಣುವುದಿಲ್ಲ.

ಬೆಳೆ ಬಂದರೂ ಕೈಗೆ ಬರದ ವರ್ಷ

2025ರಲ್ಲಿ ತೋತಾಪುರಿ ಚೆನ್ನಾಗಿ ಕಾಯಿತು. ಆದರೆ ರೇಟು ಬಿದ್ದುಹೋಯಿತು. ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಬೇರೆ ರಾಜ್ಯದ ತೋತಾಪುರಿಯನ್ನು ಒಳಗೆ ಬಿಡದ ಆದೇಶ ಮಾಡಿತು. ನಮ್ಮ ಕಾಯಿ ಹೋಗುತ್ತಿದ್ದದ್ದೇ ಅಲ್ಲಿನ ಪಲ್ಪ್ ಫ್ಯಾಕ್ಟರಿಗಳಿಗೆ. ಶ್ರೀನಿವಾಸಪುರದಲ್ಲಿ ರೈತರು ಬೀದಿಗಿಳಿದರು, ಕಾಯಿ ರಸ್ತೆಗೆ ಸುರಿದರು. ಆಮೇಲೆ ಕೇಂದ್ರ ಸರ್ಕಾರ ಕ್ವಿಂಟಾಲ್‌ಗೆ 1,616 ರೂಪಾಯಿ ದರ ಇಟ್ಟು, ಕಡಿಮೆ ಬಿದ್ದದ್ದಕ್ಕೆ ವ್ಯತ್ಯಾಸ ಕೊಡುವ ಯೋಜನೆಗೆ ಒಪ್ಪಿತು. ಈ ನಷ್ಟಕ್ಕೂ ತಾಪಮಾನಕ್ಕೂ ಸಂಬಂಧವಿಲ್ಲ. ಇಲ್ಲೇ ಪಲ್ಪ್ ಘಟಕ ಬೇಕು ಎಂಬುದು ನಮ್ಮ ತಾಲ್ಲೂಕಿನ ಹಳೆಯ ಬೇಡಿಕೆ. ಅದನ್ನು ಹವಾಮಾನದ ಮಾತಿನಡಿ ಮುಚ್ಚಬಾರದು ಎಂದೇ ಇದನ್ನು ಇಲ್ಲಿ ಸೇರಿಸಿದ್ದೇನೆ.

ತೋಪಿನಲ್ಲಿ ಈಗ ಮಾಡಿಕೊಂಡಿರುವುದು

ಇಳಿಜಾರಿನ ಕೆಳಗಿನ ಮೂಲೆಯಲ್ಲಿ ಕೃಷಿ ಹೊಂಡ ತೋಡಿಸಿದ್ದಾರೆ. ಮರದ ಬುಡದಲ್ಲಿ ಉದುರಿದ ಎಲೆ ಗುಡಿಸಿ ಸುಡುವುದನ್ನು ನಿಲ್ಲಿಸಿ, ಅದನ್ನೇ ಹೊದಿಕೆಯಾಗಿ ಬಿಟ್ಟಿದ್ದಾರೆ. ಮಣ್ಣಿನ ತೇವ ನಿಲ್ಲುತ್ತದೆ, ಬಾದಾಮಿಗೆ ನೆಲದ ಕಾವೂ ಕಡಿಮೆ. ಕಾಯಿ ಕಿತ್ತ ಕೂಡಲೇ ಒಳಗಿನ ಕೊಂಬೆ ಸವರಿ ಗಾಳಿ ಬೆಳಕು ಬಿಡುತ್ತಾರೆ, ಜಿಗಿಹುಳುವಿಗೆ ಆಸರೆ ತಪ್ಪುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಮಾವು ಸ್ಪೆಷಲ್ ಲಘು ಪೋಷಕಾಂಶ ಸಿಂಪಡಿಸಿ ನೋಡುತ್ತಿದ್ದಾರೆ. ಹೂ ಬರಿಸಲು ಕಲ್ಟಾರ್ ಎಂಬ, ಚಿಗುರು ತಡೆಯುವ ರಾಸಾಯನಿಕ ಹಾಕಿ ಎಂದು ಅಂಗಡಿಯವರು ಹೇಳಿದ್ದುಂಟು. ನೀರಿಲ್ಲದ ತೋಪಿಗೆ ಬರದ ವರ್ಷದಲ್ಲಿ ಅದನ್ನು ಹಾಕಿದರೆ ಮರವೇ ಸೊರಗುತ್ತದೆ ಎಂದು ಮಾವ ಒಪ್ಪಲಿಲ್ಲ. ನನಗೂ ಅದು ಸರಿ ಅನ್ನಿಸಿತು. ಹವಾಮಾನ ಆಧಾರಿತ ಬೆಳೆ ವಿಮೆಗೂ ಈಗ ತಪ್ಪದೆ ಕಂತು ಕಟ್ಟುತ್ತಾರೆ.

ಇವೆಲ್ಲ 2024ರಂಥ ವರ್ಷಕ್ಕೆ ಸ್ವಲ್ಪ ಉಪಯೋಗ. 2021ರಂಥ ನವೆಂಬರ್ ಮತ್ತೆ ಬಂದರೆ ಹೊದಿಕೆ, ಹೊಂಡ ಏನೂ ಮಾಡಲಾರವು. ಅದಕ್ಕೇ ಬೇಲಿ ಸಾಲಿನಲ್ಲಿ ಖಾಲಿಯಾದ ಜಾಗಕ್ಕೆ ಹಲಸು, ನೇರಳೆ ನೆಟ್ಟಿದ್ದಾರೆ. ಮಾವು ತಪ್ಪಿದ ವರ್ಷ ಅವಾದರೂ ಮನೆ ಖರ್ಚಿಗೆ ಆಗಲಿ ಎಂದು.

ನಮ್ಮ ಶಾಲೆಯ ಹಿಂದೆ ಒಂದು ಕನಿಷ್ಠ–ಗರಿಷ್ಠ ಉಷ್ಣಮಾಪಕ ನೆರಳಲ್ಲಿ ತೂಗುಹಾಕಿದ್ದೇವೆ, ಮಾವನ ತೋಪಿನಲ್ಲಿ ಇನ್ನೊಂದು. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಮಕ್ಕಳು ದಿನಾ ಬೆಳಿಗ್ಗೆ ರಾತ್ರಿಯ ಕನಿಷ್ಠ ಉಷ್ಣಾಂಶ ಬರೆಯುತ್ತಾರೆ. ಪಕ್ಕದ ಕಾಲಮ್ಮಿನಲ್ಲಿ ಮೊದಲ ಚಿಗುರು, ಮೊದಲ ಹೂ, ಮೊದಲ ಹೀಚು ಕಂಡ ದಿನ. ಮಳೆ ಲೆಕ್ಕ ಪಂಚಾಯ್ತಿಯ ಮಳೆಮಾಪಕದಿಂದ ಸಿಗುತ್ತದೆ. ಚಳಿಯ ಲೆಕ್ಕ ನಮ್ಮ ಊರಿಗೆ ಯಾರ ಹತ್ತಿರವೂ ಇರಲಿಲ್ಲ. ಮುಳಬಾಗಿಲು, ಚಿಂತಾಮಣಿ ಕಡೆಯ ಶಾಲೆಗಳಲ್ಲೂ ಇದನ್ನು ಶುರುಮಾಡಿದರೆ ಹೂ ತಪ್ಪಿದ ವರ್ಷ ತಾಲ್ಲೂಕು ತಾಲ್ಲೂಕಿನ ರಾತ್ರಿಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಒಂದು ಉಷ್ಣಮಾಪಕ, ಒಂದು ನೋಟ್ ಪುಸ್ತಕ, ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಎರಡು ನಿಮಿಷ ಸಾಕು.